ಕೇಳುವ ಕಿವಿ, ತಡೆಯುವ ಕೈ: ‘ಯಶೋಧರ ಚರಿತೆ’ಯಲ್ಲಿ ಸ್ವಾತಂತ್ರ್ಯದ ಪ್ರಶ್ನೆ

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು ‘ಯಶೋಧರ ಚರಿತೆ’ಯನ್ನು ಪೂರ್ಣಗೊಳಿಸಿದ್ದು ಕ್ರಿ.ಶ. 1209ರಲ್ಲಿ. ಕಥೆ ಹೊಸದಲ್ಲ. ಸೋಮದೇವಸೂರಿಯು 959ರಲ್ಲಿ ಮುಗಿಸಿದ ‘ಯಶಸ್ತಿಲಕ’ವೂ ವಾದಿರಾಜನ ಸಂಸ್ಕೃತ ಕಾವ್ಯವೂ ಅದನ್ನು ಮೊದಲೇ ನಿರೂಪಿಸಿದ್ದವು. ಹಿಂಸೆಯ ಸಂಕಲ್ಪವೂ ಹಿಂಸೆಯೇ ಎಂಬ ಜೈನ ತತ್ತ್ವಕ್ಕೆ ಇದನ್ನು ದೃಷ್ಟಾಂತವಾಗಿ ಓದುವುದು ವಾಡಿಕೆ. ಆದರೆ ನಾಲ್ಕು ಅವತಾರಗಳ ಈ ಪುಟ್ಟ ಕಾವ್ಯವು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ: ತನ್ನ ಸ್ವಭಾವದ ಎದುರಿನಲ್ಲಿ ಮನುಷ್ಯನಿಗಿರುವ ಸ್ವಾತಂತ್ರ್ಯವೆಷ್ಟು?

ಕಾವ್ಯದ ಮುಖ್ಯ ತಿರುವುಗಳು ಕಿವಿಯ ಮೂಲಕವೇ ಒದಗುತ್ತವೆ. ಉಜ್ಜಯಿನಿಯ ರಾಣಿ ಅಮೃತಮತಿ ಮಾವುತನ ಹಾಡನ್ನು ಕೇಳಿ, ಅವನ ರೂಪವನ್ನು ಕಾಣುವ ಮೊದಲೇ ಮನಸೋಲುತ್ತಾಳೆ. ಅವನ ಕುರೂಪದ ವರ್ಣನೆ ಬಂದ ಮೇಲೂ ಆ ಒಲವು ಕದಲುವುದಿಲ್ಲ. ಇಲ್ಲಿ ಆಯ್ಕೆಯೆಂಬುದು ಕಾಣಿಸದು. ಮನಸ್ಸು ತನ್ನ ದಾರಿಯನ್ನು ತಾನೇ ಹಿಡಿದಿದೆ.

ಆ ರಾತ್ರಿ ಅವರಿಬ್ಬರನ್ನು ಕಂಡ ಯಶೋಧರನ ಕತ್ತಿ ಮೇಲೇಳುತ್ತದೆ. ಆದರೆ ವಿವೇಕ ಅದನ್ನು ತಡೆಯುತ್ತದೆ. ಉದ್ರೇಕಕ್ಕೂ ಕ್ರಿಯೆಗೂ ನಡುವಿನ ಆ ಕ್ಷಣವೇ ಕಾವ್ಯದಲ್ಲಿ ಅವನು ನಿಜವಾಗಿ ಸ್ವತಂತ್ರನಾದ ಕ್ಷಣ. ಮರುದಿನ ಅದನ್ನು ಅವನು ಉಳಿಸಿಕೊಳ್ಳಲಾರ. ಸತ್ಯವನ್ನು ಹೇಳಲಾಗದೆ ಕೆಟ್ಟ ಕನಸಿನ ನೆಪವೊಡ್ಡಿದಾಗ ತಾಯಿ ಚಂದ್ರಮತಿ ಪ್ರಾಣಿಬಲಿಗೆ ಒತ್ತಾಯಿಸುತ್ತಾಳೆ. ಅಹಿಂಸೆಯನ್ನೂ ಮಾತೃವಾಕ್ಯವನ್ನೂ ಒಟ್ಟಿಗೆ ಉಳಿಸಿಕೊಳ್ಳುವೆನೆಂದು ಅವನು ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತರಿಸಿದಾಗ ಆ ಕೋಳಿ ಕೂಗುತ್ತದೆ. ಹಿಟ್ಟಿಗೆ ಜೀವವಿರಲಿಲ್ಲ, ಕೊಲ್ಲುವ ಕೈಗೆ ಮಾತ್ರ ಸಂಕಲ್ಪವಿತ್ತು.

ಅಮೃತಮತಿಯಿಕ್ಕಿದ ವಿಷದಿಂದ ಸತ್ತ ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕೊನೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಧರ್ಮೋಪದೇಶವನ್ನು ಕೇಳಿ ಹರ್ಷದಿಂದ ಕೂಗುತ್ತಾರೆ. ಆ ಕೂಗಿನ ಜಾಡು ಹಿಡಿದು ಬಾಣ ಬಿಟ್ಟವನು ಯಶೋಧರನ ಮಗನಾದ ಯಶೋಮತಿಯೇ. ಅವನ ಅವಳಿ ಮಕ್ಕಳಾಗಿ ಅವರು ಮತ್ತೆ ಹುಟ್ಟುತ್ತಾರೆ.

ಈ ಅವಳಿಗಳಾದ ಅಭಯರುಚಿ, ಅಭಯಮತಿಯರನ್ನೇ ಮಾರಿದತ್ತನು ಚಂಡಮಾರಿಗೆ ಬಲಿಗೊಡಲು ತರಿಸುತ್ತಾನೆ. ಅಭಯರುಚಿ ಪ್ರಾಣಭಿಕ್ಷೆ ಬೇಡುವುದಿಲ್ಲ. ತಮ್ಮ ಕಥೆಯನ್ನು ಹೇಳುತ್ತಾನೆ. ನಡೆದುಹೋದುದನ್ನು ಅಳಿಸಲು ಅವನಿಂದಾಗದು. ಆದರೆ ಯಶೋಧರನಾಗಿ ತಾನು ಕಳೆದುಕೊಂಡ ಆ ಕ್ಷಣವನ್ನು ಮಾರಿದತ್ತನಿಗೆ ಒದಗಿಸಬಲ್ಲ. ಕಥೆ ಮುಗಿಯುವ ಹೊತ್ತಿಗೆ ಬಲಿ ನಿಲ್ಲುತ್ತದೆ, ಅರಸ ವಿರಕ್ತನಾಗುತ್ತಾನೆ. ಅನುಭವಿಸಿದ ದುಃಖಕ್ಕೆ ಅರ್ಥ ದೊರೆಯುವುದು ಇಲ್ಲಿ: ಅದು ಇನ್ನೊಬ್ಬನ ಕೈಯನ್ನು ತಡೆದಾಗ.

ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಇದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡರು. ಅದರ ಇಂಗ್ಲಿಷ್ ರೂಪ ‘ಬಲಿ’ 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ರಂಗವೇರಿತು. ನಾಟಕ ಜನ್ಮಾಂತರಗಳನ್ನು ಕೈಬಿಟ್ಟಿತು. ಅವುಗಳೊಂದಿಗೆ ಕಥೆ ಹೇಳುವ ಅವಳಿಗಳೂ ಮರೆಯಾದರು. ಉಳಿದದ್ದು ದಾಂಪತ್ಯದ ಬಿಕ್ಕಟ್ಟು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಜನ್ನನ ನಿಲುವು ಸ್ಪಷ್ಟವಾಗುತ್ತದೆ. ಮನಸ್ಸು ಎತ್ತ ಒಲಿಯುವುದೆಂಬುದು ನಮ್ಮ ಅಧೀನದಲ್ಲಿಲ್ಲದಿರಬಹುದು. ಎತ್ತಿದ ಕೈಯನ್ನು ಇಳಿಸುವುದು ಮಾತ್ರ ಅಧೀನದಲ್ಲಿದೆ. ಅದಕ್ಕೂ ಹಲವೊಮ್ಮೆ ಬೇರೊಬ್ಬರ ಮಾತು ಕಿವಿಗೆ ಬೀಳಬೇಕಾಗುತ್ತದೆ.