ಹುಟ್ಟಿದ ಗಳಿಗೆಯ ದೇಹ: ಖಜೀಟರ ಬಂಧುತ್ವ ಮತ್ತು ನೆರೆಯವರ ಕಣ್ಣು

ಕಲ್ಪಿತ ಲೋಕಗಳ ಬೆಕ್ಕುಮಾನವ ಕುಲಗಳನ್ನು ಕಟ್ಟುವವರು ಸಾಮಾನ್ಯವಾಗಿ ದೇಹದಿಂದ ಹೊರಟು ಸ್ವಭಾವಕ್ಕೆ ಬರುತ್ತಾರೆ. ಉಗುರಿದೆಯಾದ್ದರಿಂದ ಕ್ರೌರ್ಯ, ಸದ್ದಿಲ್ಲದ ಹೆಜ್ಜೆಯಿದೆಯಾದ್ದರಿಂದ ಕಳ್ಳತನ. ಲ್ಯಾರಿ ನಿವೆನ್ 1966ರಲ್ಲಿ ‘ದಿ ವಾರಿಯರ್ಸ್’ ಕತೆಯ ಮೂಲಕ ಪರಿಚಯಿಸಿದ ಕ್ಝಿನ್ ಕುಲ ಈ ಕ್ರಮದ ಅಚ್ಚುಕಟ್ಟಾದ ಮಾದರಿ: ಬೇಟೆಗಾರ ಪ್ರಾಣಿಯ ಮೈ, ಅದಕ್ಕೆ ತಕ್ಕ ಯುದ್ಧೋನ್ಮಾದ. ಬೆಥೆಸ್ಡಾ ಕಂಪನಿಯ ‘ದಿ ಎಲ್ಡರ್ ಸ್ಕ್ರೋಲ್ಸ್’ ವಿಡಿಯೋ ಗೇಮ್ ಸರಣಿಯ ಖಜೀಟರು ಈ ಚೌಕಟ್ಟಿನೊಳಗೆ ಕೂರುವುದಿಲ್ಲ. ಅವರನ್ನು ಒಂದು ಕುಲವಾಗಿ ಹಿಡಿದಿಟ್ಟಿರುವುದು ಆಕಾಶ. ‘ಖಜೀಟ್ ಸ್ವಭಾವ’ ಎಂದು ಹೆಸರಾದದ್ದರಲ್ಲಿ ಬಹುಪಾಲು ನೆರೆಯವರ ಕಣ್ಣೂ ಆಟದ ಲೆಕ್ಕಾಚಾರವೂ ಸೇರಿ ಮಾಡಿದ್ದು. ಈ ಎರಡು ಮಾತುಗಳನ್ನು ಸಾಧಿಸುವುದು ಈ ಲೇಖನದ ಉದ್ದೇಶ.

ಖಜೀಟರ ಆಕಾಶದಲ್ಲಿ ಇಬ್ಬರು ಚಂದ್ರರು. ಹೊರಗಿನವರು ಮ್ಯಾಸರ್, ಸೆಕುಂಡ ಎಂದು ಕರೆಯುವ ಇವರು ಖಜೀಟರಿಗೆ ಜೋಡ್ ಮತ್ತು ಜೋನ್. ಮಗು ಹುಟ್ಟಿದ ಹೊತ್ತಿನಲ್ಲಿ ಈ ಇಬ್ಬರೂ ಯಾವ ಸ್ಥಿತಿಯಲ್ಲಿದ್ದರೋ ಅದರಂತೆ ಅದರ ಮೈ ಬೆಳೆಯುತ್ತದೆ. ಒಬ್ಬೊಬ್ಬ ಚಂದ್ರನಿಗೂ ಹುಣ್ಣಿಮೆ, ಅಮಾವಾಸ್ಯೆ, ಏರುವ ಪಕ್ಷ, ಇಳಿಯುವ ಪಕ್ಷ ಎಂಬ ನಾಲ್ಕು ಸ್ಥಿತಿಗಳಿರುವುದರಿಂದ ಒಟ್ಟು 16 ದೇಹಬಗೆಗಳು. 17ನೆಯದು ಮೇನ್. ಮೂರನೆಯ ಚಂದ್ರ ಕಾಣಿಸಿಕೊಳ್ಳುತ್ತಾನೆಂದು ನಂಬುವ ಅಪರೂಪದ ಗಳಿಗೆಯಲ್ಲಿ ಹುಟ್ಟುವ ಈ ನಾಯಕ ಒಂದು ಕಾಲಕ್ಕೆ ಒಬ್ಬನೇ. ಕೂಸುಗಳೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ ತೆರ. ಕೆಲವು ವಾರ ಕಳೆದ ಮೇಲಷ್ಟೇ ಬಗೆ ತಿಳಿಯುತ್ತದೆ. ಅಲ್ಫಿಕ್ ಬಗೆಯವರು ಮನೆಬೆಕ್ಕಿನಷ್ಟೇ ಇರುತ್ತಾರೆ, ಮಂತ್ರವಿದ್ಯೆಯಲ್ಲಿ ಪಳಗಿದವರು. ಸೆಂಚ್-ರಾಟ್ ಬಗೆಯವರು ಯುದ್ಧದಲ್ಲಿ ತಮ್ಮವರನ್ನೇ ಬೆನ್ನ ಮೇಲೆ ಹೊತ್ತು ಓಡುವಷ್ಟು ದೊಡ್ಡವರು. ಓಮ್ಸ್ ಬಗೆಯವರಂತೂ ಪಕ್ಕದ ಕಾಡಿನ ಎಲ್ಫ್‌ಗಳಂತೆಯೇ ಕಾಣುತ್ತಾರೆ. ಆ ಗೊಂದಲ ಬೇಡವೆಂದು ಹಲವರು ಬೆಕ್ಕಿನ ಮುಖ ಹೋಲುವ ಹಚ್ಚೆಯನ್ನು ಮುಖದ ಮೇಲೆ ಹಾಕಿಸಿಕೊಳ್ಳುತ್ತಾರೆ.

ಈ ಹಚ್ಚೆಯ ವಿವರ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ತುಪ್ಪಳವಿಲ್ಲದವನೂ ಪೂರ್ತಿ ಖಜೀಟನೇ. ಅದನ್ನು ಅವನು ಹೇಳಿಕೊಳ್ಳಬೇಕಾಗಿರುವುದು ಹೊರಗಿನವರಿಗೆ, ತನ್ನವರಿಗಲ್ಲ. ಒಬ್ಬಳೇ ತಾಯಿಯ ಒಂದು ಮಗು ಮಡಿಲಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಉಳಿದು, ಇನ್ನೊಂದು ಕುದುರೆಯನ್ನು ಮೀರಿ ಬೆಳೆಯಬಹುದು. ಇಬ್ಬರೂ ಒಡಹುಟ್ಟಿದವರು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ರೂಪವನ್ನು ನೋಡಿ ಕುಲವನ್ನು ಗುರುತಿಸುವ ಪದ್ಧತಿಯೇ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಪುರಾಣದ ನರಸಿಂಹನಲ್ಲಿ ನರ ಮತ್ತು ಮೃಗಗಳ ಬೆರಕೆ ಒಂದೇ ಸಂದರ್ಭಕ್ಕೆ, ಒಂದೇ ವರದ ಕಟ್ಟು ಬಿಡಿಸಲಿಕ್ಕೆ ಬಂದದ್ದು. ಅವನಿಗೆ ನೆಂಟರಿಷ್ಟರ ಬಳಗವಿಲ್ಲ. ಖಜೀಟರಲ್ಲಿ ಅದೇ ಬೆರಕೆ ಸಂಸಾರ ಹೂಡಿದೆ.

ಇಷ್ಟು ಸೊಗಸಾದ ವ್ಯವಸ್ಥೆ ಒಮ್ಮೆಗೇ ಯೋಜಿಸಿದ್ದಲ್ಲ ಎಂಬುದು ಸರಣಿಯ ಚರಿತ್ರೆಯಿಂದ ಗೊತ್ತಾಗುತ್ತದೆ. 1994ರ ‘ಅರೀನಾ’ದಲ್ಲಿ ಖಜೀಟರು ಹೆಚ್ಚುಕಡಿಮೆ ಮನುಷ್ಯರೇ. 1996ರ ‘ಡ್ಯಾಗರ್‌ಫಾಲ್’ನಲ್ಲೂ ಮನುಷ್ಯರೂಪವೇ ಮುಂದು, ಜೊತೆಗೆ ಬಾಲ. 2002ರ ‘ಮಾರೋವಿಂಡ್’ಗೆ ಬರುವಷ್ಟರಲ್ಲಿ ಬೆಕ್ಕಿನ ಮುಖ, ತುದಿಗಾಲ ನಡಿಗೆ. ಹಳೆಯ ಚಿತ್ರ ತಪ್ಪು, ಹೊಸದು ಸರಿ ಎಂದು ತಳ್ಳಿಬಿಡಬಹುದಿತ್ತು. ಹಾಗೆ ಮಾಡದೆ 1998ರ ‘ರೆಡ್‌ಗಾರ್ಡ್’ ಆಟದೊಂದಿಗೆ ಬಂದ, ಸರಣಿಯ ಲೋಕದ ಸಾಮ್ರಾಜ್ಯದ ಕೈಪಿಡಿಯೂ ನಂತರದ ಬರಹಗಳೂ ಚಂದ್ರರ ಕತೆಯನ್ನು ಬೆಳೆಸಿ ಎಲ್ಲ ರೂಪಗಳಿಗೂ ಜಾಗ ಮಾಡಿಕೊಟ್ಟವು. ಹೊಂದದ ಚಿತ್ರಗಳು ಒಂದು ಜನದ ಜೀವಶಾಸ್ತ್ರವಾದವು. ಕಲ್ಪಿತ ಲೋಕಗಳ ನಿರ್ಮಾಣದಲ್ಲಿ ಇಷ್ಟು ಉದಾರವಾದ ಪರಿಹಾರ ನಾನು ಬೇರೆ ಕಂಡಿಲ್ಲ.

ಚಂದ್ರರು ರಾಜಕೀಯಕ್ಕೂ ಇಳಿಯುತ್ತಾರೆ. ಖಜೀಟರ ನಾಡು ಎಲ್ಸ್‌ವೆಯರ್‌ನ ಉತ್ತರ ಅನೆಕ್ವಿನ, ಒಣ ಬಯಲು ಮತ್ತು ಅಲೆಮಾರಿ ಬಣಗಳ ಸೀಮೆ. ದಕ್ಷಿಣದ ಪೆಲೆಟೀನ್ ಕಾಡು, ಕಬ್ಬಿನ ತೋಟ, ಪಟ್ಟಣಗಳದು. ಎರಡನೆಯ ಯುಗದ 309ರಲ್ಲಿ ಎರಡೂ ಒಂದಾದಾಗ ಎದ್ದ ಜಗಳವನ್ನು ರಿಡ್-ಥಾರ್-ರಿ’ದತ್ತ ಎಂಬ ಮೇನ್ ಬಿಡಿಸಿದ್ದು, ಚಂದ್ರರ ಏರಿಳಿತಕ್ಕೆ ತಕ್ಕಂತೆ ಅಧಿಕಾರ ಎರಡು ಕಡೆಗೂ ಸರದಿಯಲ್ಲಿ ಸಲ್ಲುವಂತೆ ಮಾಡಿ. ಇಂಥ ವ್ಯವಸ್ಥೆಗೆ ಅಪಾಯವೂ ಆಕಾಶದಿಂದಲೇ. ನಾಲ್ಕನೆಯ ಯುಗದ 98ರಲ್ಲಿ ಇಬ್ಬರು ಚಂದ್ರರೂ ಮಾಯವಾಗಿ ಎರಡು ವರ್ಷ ಕಾಣಲಿಲ್ಲ. ಮರಳಿದಾಗ, ತಂದವರು ತಾವೇ ಎಂದು ಎಲ್ಫ್‌ಗಳ ಥಾಲ್ಮೋರ್ ಪಕ್ಷ ಸಾರಿತು, ಜನ ನಂಬಿದರು. 115ರಲ್ಲಿ ಎಲ್ಸ್‌ವೆಯರ್ ಮತ್ತೆ ಒಡೆದು ಎರಡು ಅಧೀನ ರಾಜ್ಯಗಳಾದವು. ಭಕ್ತಿಯನ್ನು ಹೀಗೆ ದುಡಿಸಿಕೊಂಡ ಈ ಪ್ರಸಂಗ ಸರಣಿಯ ಅತ್ಯಂತ ನೋವಿನ ಪುಟಗಳಲ್ಲೊಂದು.

ಚಂದ್ರಸಕ್ಕರೆಯ ವಿಷಯದಲ್ಲಿ ಒಳಗಣ್ಣು, ಹೊರಗಣ್ಣು ಪೂರ್ತಿ ಬೇರೆಯಾಗುತ್ತವೆ. ಅದು ಹೆಪ್ಪುಗಟ್ಟಿದ ಬೆಳದಿಂಗಳು ಎಂಬುದು ಖಜೀಟರ ನಂಬಿಕೆ. ಊಟದಲ್ಲೂ ಪೂಜೆಯಲ್ಲೂ ಅದು ಬೇಕೇ ಬೇಕು. ಅದನ್ನೇ ಭಟ್ಟಿಯಿಳಿಸಿದ ಸ್ಕೂಮಾ ಮಾತ್ರ ಜೀವ ಹಿಂಡುವ ಅಮಲು. ಸಾಮ್ರಾಜ್ಯದ ಕಾನೂನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹೀಗಾಗಿ ಪ್ರಸಾದ ಕಟ್ಟಿಕೊಂಡು ಹೊರಟವನೂ ಕಳ್ಳಸಾಗಣೆದಾರನಾಗುತ್ತಾನೆ.

2011ರ ‘ಸ್ಕೈರಿಮ್’ನಲ್ಲಿ ಈ ಅನುಮಾನ ಕಣ್ಣಿಗೆ ಕಟ್ಟುತ್ತದೆ. ರಿ’ಸಾದ್ ನಡೆಸುವ ಖಜೀಟ್ ವ್ಯಾಪಾರಿ ತಂಡಗಳಿಗೆ ಊರೊಳಗೆ ಪ್ರವೇಶವಿಲ್ಲ. ಹಿಮದಲ್ಲೂ ಹೆಬ್ಬಾಗಿಲಿನ ಹೊರಗೇ ಡೇರೆ. ಕಾರಣ, ಅವರೆಲ್ಲ ಕಳ್ಳರೆಂಬ ಮಾತು. ಇಂಥದ್ದೇ ಒಂದು ತಂಡದ ಕಾವಲುಗಾರ ಖಾರ್ಜೊ ಆಟಗಾರನ ಮುಂದೆ ಇಡುವ ಕೋರಿಕೆ ಒಂದೇ: ಅಮ್ಮ ಕೊಟ್ಟ ಚಂದ್ರನ ತಾಯಿತವನ್ನು ಕಳ್ಳರು ಒಯ್ದಿದ್ದಾರೆ, ಹುಡುಕಿ ತಂದುಕೊಡಬೇಕು. ಖಜೀಟರೆಲ್ಲ ಕಳ್ಳರೆಂಬ ಮಾತು ಪೊಳ್ಳು ಎನ್ನಲು ಇಡೀ ಆಟದ ಖಜೀಟ್ ವೃತ್ತಾಂತದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಆದರೆ ಬರವಣಿಗೆ ಹೇಳುವುದನ್ನು ಅಂಕಿಗಳು ಅಲ್ಲಗಳೆಯುತ್ತವೆ. ಖಜೀಟನಾಗಿ ಆಡಲು ಹೊರಟವನಿಗೆ ಅಡಗಿ ನಡೆಯುವ ಕೌಶಲದಲ್ಲಿ 10 ಅಂಶ ಹೆಚ್ಚುವರಿ, ಬೀಗ ಮುರಿಯುವುದರಲ್ಲಿ 5, ಜೇಬುಗಳ್ಳತನದಲ್ಲಿ 5. ಕತೆಯೊಳಗಿನ ಊರ ಕಾವಲುಗಾರನ ಪೂರ್ವಗ್ರಹವನ್ನು ಆಟದ ಯಂತ್ರವೇ ಹುಟ್ಟುಗುಣವೆಂದು ದಾಖಲಿಸಿಬಿಡುತ್ತದೆ. ‘ಮಾರೋವಿಂಡ್’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ. ಅಲ್ಲಿ ಹಲವು ಖಜೀಟರು ಗುಲಾಮರು. ಖಜೀಟನಾಗಿ ಆಡುವವನು ಬೂಟು ತೊಡಲಾರ, ಮುಖ ಮುಚ್ಚುವ ಶಿರಸ್ತ್ರಾಣ ಧರಿಸಲಾರ. ಇನ್ನೊಬ್ಬರ ಅಳತೆಗೆ ಹೊಲಿದ ಲೋಕದಲ್ಲಿ ಬದುಕುವುದು ಹೇಗಿರುತ್ತದೆಂದು ಆ ಬರಿಗಾಲು ತಿಳಿಸುತ್ತದೆ.

2019ರಲ್ಲಿ ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ನ ‘ಎಲ್ಸ್‌ವೆಯರ್’ ಅಧ್ಯಾಯ ಆಟಗಾರರನ್ನು ಖಜೀಟರ ನಾಡಿಗೇ ಕರೆದೊಯ್ದು, ಅಲ್ಫಿಕ್‌ರನ್ನೂ ಸೆಂಚ್-ರಾಟರನ್ನೂ ಮಾತನಾಡುವ ಪಾತ್ರಗಳಾಗಿ ಎದುರಿಗೆ ನಿಲ್ಲಿಸಿತು. ಹಾಗಿದ್ದರೂ ಆಟಗಾರ ತಾನೇ ಖಜೀಟನಾಗಬೇಕೆಂದರೆ ಸಿಗುವುದು ಎರಡು ಕಾಲಿನ ಒಂದೇ ಬಗೆಯ ಮೈ. ಕವಚ, ಕತ್ತಿ, ಚಲನೆಗಳೆಲ್ಲ ಮನುಷ್ಯಾಕಾರಕ್ಕೆ ಹೊಂದಬೇಕಾದ್ದರಿಂದ ಹೀಗಾಗಿರಬಹುದು. ಆ ಮಟ್ಟಿಗೆ ಖಜೀಟ್ ಬಂಧುತ್ವ ಇನ್ನೂ ಓದಿ ತಿಳಿಯುವ ಸಂಗತಿಯಾಗಿದೆ. ಆಡಿ ಅನುಭವಿಸುವ ಸಂಗತಿ ಆಗಿಲ್ಲ.