ಜೆ. ಹೆಚ್. ಪಟೇಲ್

ಜಯದೇವಪ್ಪ ಹಾಲಪ್ಪ ಪಟೇಲ್ (1 ಅಕ್ಟೋಬರ್ 1930 – 12 ಡಿಸೆಂಬರ್ 2000) ಕರ್ನಾಟಕದ ಸಮಾಜವಾದಿ ರಾಜಕಾರಣಿ, ಲೋಕಸಭೆಯ ಮಾಜಿ ಸದಸ್ಯರು ಹಾಗೂ ರಾಜ್ಯದ ಮಾಜಿ ಮುಖ್ಯಮಂತ್ರಿ. ಜೆ. ಹೆಚ್. ಪಟೇಲ್ ಎಂಬ ಹೆಸರಿನಿಂದಲೇ ಪ್ರಸಿದ್ಧರು. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಇವರು, ಆ ಸದನದಲ್ಲಿ ಕನ್ನಡದಲ್ಲಿ ಭಾಷಣ ಮಾಡಿದ ಮೊದಲ ಸದಸ್ಯರೆಂದು ಖ್ಯಾತರಾಗಿದ್ದಾರೆ.

ಜನನ ಮತ್ತು ಆರಂಭಿಕ ಜೀವನ

ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ಜನಿಸಿದರು. ಆಗ ಚನ್ನಗಿರಿಯು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಕಾನೂನು ಪದವೀಧರರಾಗಿದ್ದ ಇವರು ರಾಮಮನೋಹರ ಲೋಹಿಯಾ ಅವರ ವಿಚಾರಗಳಿಂದ ಪ್ರಭಾವಿತರಾಗಿ ಸಮಾಜವಾದಿ ಚಳವಳಿಗೆ ಬಂದರು. 1951ರ ಕಾಗೋಡು ಸತ್ಯಾಗ್ರಹದಿಂದ ಶಿವಮೊಗ್ಗ ಜಿಲ್ಲೆಯು ಗೇಣಿದಾರರ ಹೋರಾಟದ ನೆಲೆಯೆನಿಸಿತ್ತು. ಅಲ್ಲಿನ ಸಮಾಜವಾದಿಗಳ ನಾಯಕ ಶಾಂತವೇರಿ ಗೋಪಾಲಗೌಡರು ಭೂಮಿಯ ಪ್ರಶ್ನೆಯೊಂದಿಗೆ ಆಡಳಿತದಲ್ಲಿ ಕನ್ನಡದ ಪ್ರಶ್ನೆಯನ್ನೂ ಎತ್ತಿದವರು. ಪಟೇಲರ ರಾಜಕೀಯ ಜೀವನ ರೂಪುಗೊಂಡುದು ಈ ಪರಂಪರೆಯಲ್ಲಿ.

ಲೋಕಸಭಾ ಸದಸ್ಯತ್ವ ಮತ್ತು ಕನ್ನಡ ಭಾಷಣ

1967ರ ಸಾರ್ವತ್ರಿಕ ಚುನಾವಣೆಯಲ್ಲಿ ಪಟೇಲರು ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ಗೆದ್ದು ನಾಲ್ಕನೆಯ ಲೋಕಸಭೆಯನ್ನು ಪ್ರವೇಶಿಸಿದರು. ಅದೇ ವರ್ಷ ಅವರು ಸದನದಲ್ಲಿ ಕನ್ನಡದಲ್ಲಿ ಮಾತನಾಡಿದರು. ಆಗ ನೀಲಂ ಸಂಜೀವ ರೆಡ್ಡಿ ಅವರು ಸಭಾಧ್ಯಕ್ಷರಾಗಿದ್ದರು.

ಈ ಘಟನೆಯ ಮಹತ್ವವನ್ನು ಅರಿಯಲು ಸಂವಿಧಾನದ 120ನೆಯ ವಿಧಿಯನ್ನು ಗಮನಿಸಬೇಕು. ಅದರಂತೆ ಸಂಸತ್ತಿನ ಕಲಾಪವು ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲಿಯೂ ತಮ್ಮ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಅಂದರೆ ಕನ್ನಡವು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿದ್ದರೂ, ಸಂಸತ್ತಿನಲ್ಲಿ ಅದಕ್ಕಿದ್ದುದು ಹಕ್ಕಿನ ಸ್ಥಾನವಲ್ಲ, ವಿನಾಯಿತಿಯ ಸ್ಥಾನ ಮಾತ್ರ. ಕಾನೂನು ಓದಿದ್ದ ಪಟೇಲರಿಗೆ ಇಂಗ್ಲಿಷ್ ಬಾರದ ಭಾಷೆಯಾಗಿರಲಿಲ್ಲ. ಆದುದರಿಂದ ಅವರ ಕನ್ನಡ ಭಾಷಣವನ್ನು ಅಸಹಾಯಕತೆಯಿಂದಲ್ಲ, ತತ್ತ್ವನಿಷ್ಠೆಯಿಂದ ಮಾಡಿದ ಆಯ್ಕೆಯೆಂದೇ ಗ್ರಹಿಸಬೇಕಾಗುತ್ತದೆ.

ಅಂದಿನ ಸಂದರ್ಭವೂ ಇದಕ್ಕೆ ಪೂರಕವಾಗಿತ್ತು. 1965ರಲ್ಲಿ ಮದ್ರಾಸ್ ರಾಜ್ಯದಲ್ಲಿ ಹಿಂದಿ ವಿರೋಧಿ ಚಳವಳಿ ತೀವ್ರಗೊಂಡಿತ್ತು. 1967ರಲ್ಲಿ ಅಧಿಕೃತ ಭಾಷಾ ಕಾಯ್ದೆಯ ತಿದ್ದುಪಡಿಯು ಸಂಸತ್ತಿನ ಮುಂದೆ ಬಂದಿತು. ಪಟೇಲರ ಪಕ್ಷದ ನಾಯಕ ಲೋಹಿಯಾ ಅವರು ಇಂಗ್ಲಿಷಿನ ಪ್ರಾಬಲ್ಯವನ್ನು ವಿರೋಧಿಸುತ್ತ, ಆಡಳಿತವು ಜನರ ಭಾಷೆಗಳಲ್ಲಿ ನಡೆಯಬೇಕೆಂದು ವಾದಿಸುತ್ತಿದ್ದರು. ಮುಂದೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಭಾಷಣಗಳಿಗೆ ಲೋಕಸಭೆಯಲ್ಲಿ ಭಾಷಾಂತರದ ವ್ಯವಸ್ಥೆ ಏರ್ಪಟ್ಟಿತು.

1971ರ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರವು ಕಾಂಗ್ರೆಸ್ಸಿನ ಪಾಲಾಯಿತು.

ರಾಜ್ಯ ರಾಜಕಾರಣ

ತುರ್ತುಪರಿಸ್ಥಿತಿಯ ಕಾಲದಲ್ಲಿ ಪಟೇಲರು ಸೆರೆವಾಸ ಅನುಭವಿಸಿದರು. 1978ರಲ್ಲಿ ಜನತಾ ಪಕ್ಷದಿಂದ ಚನ್ನಗಿರಿ ಕ್ಷೇತ್ರದ ಶಾಸಕರಾಗಿ ವಿಧಾನಸಭೆಯನ್ನು ಪ್ರವೇಶಿಸಿದರು. ಮುಂದೆ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿದ್ದರು. 1994ರಲ್ಲಿ ಜನತಾದಳವು ಅಧಿಕಾರಕ್ಕೆ ಬಂದಾಗ ಹೆಚ್. ಡಿ. ದೇವೇಗೌಡರ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾದರು.

ಮುಖ್ಯಮಂತ್ರಿ

ದೇವೇಗೌಡರು ಪ್ರಧಾನಿಯಾಗಲು ದೆಹಲಿಗೆ ತೆರಳಿದಾಗ, 31 ಮೇ 1996ರಂದು ಪಟೇಲರು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಸಿದ್ದರಾಮಯ್ಯನವರು ಉಪಮುಖ್ಯಮಂತ್ರಿಯಾದರು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಗೆ ಅವರ ಸರ್ಕಾರವು ಪ್ರತಿಭಟನೆಗಳ ನಡುವೆಯೂ ಅವಕಾಶ ನೀಡಿತು. 1997ರಲ್ಲಿ ರಾಜ್ಯದ ಮಾಹಿತಿ ತಂತ್ರಜ್ಞಾನ ನೀತಿ ಪ್ರಕಟವಾಯಿತು.

ಆಡಳಿತದ ದೃಷ್ಟಿಯಿಂದ ಅವರ ಬಹು ಮುಖ್ಯ ಕೊಡುಗೆ 1997ರ ಜಿಲ್ಲಾ ಪುನರ್ವಿಂಗಡಣೆ. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಚಾಮರಾಜನಗರ ಮತ್ತು ಉಡುಪಿ ಎಂಬ ಏಳು ಹೊಸ ಜಿಲ್ಲೆಗಳು ರಚನೆಯಾಗಿ, ಜಿಲ್ಲೆಗಳ ಸಂಖ್ಯೆ 20ರಿಂದ 27ಕ್ಕೆ ಏರಿತು. ಜಿಲ್ಲಾ ಕೇಂದ್ರದಿಂದ ದೂರವಿದ್ದ ಅನೇಕ ತಾಲ್ಲೂಕುಗಳ ಜನರಿಗೆ ಸರ್ಕಾರಿ ಕಚೇರಿಗಳು ಇದರಿಂದ ಹತ್ತಿರವಾದವು. ದಾವಣಗೆರೆ ಜಿಲ್ಲೆಗೆ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ ತಾಲ್ಲೂಕುಗಳು ಸೇರಿದವು. ಹೀಗೆ ಪಟೇಲರ ತವರು ತಾಲ್ಲೂಕು, ಅವರೇ ಹಿಂದೆ ಸಂಸತ್ತಿನಲ್ಲಿ ಪ್ರತಿನಿಧಿಸಿದ್ದ ಶಿವಮೊಗ್ಗದಿಂದ ಬೇರ್ಪಟ್ಟಿತು. ಸವಳಂಗವನ್ನು ಒಳಗೊಂಡ ಇಂದಿನ ನ್ಯಾಮತಿ ತಾಲ್ಲೂಕು ಅನಂತರ ಹೊನ್ನಾಳಿಯಿಂದ ವಿಂಗಡವಾದುದು.

ಕೊನೆಯ ವರ್ಷಗಳು

ಜನತಾದಳದ ಒಳಜಗಳವು ಪಟೇಲರ ಆಡಳಿತವನ್ನು ಕೊನೆಯವರೆಗೂ ಕಾಡಿತು. 1999ರಲ್ಲಿ ವಿಧಾನಸಭೆಯು ಅವಧಿಗೆ ಮುನ್ನವೇ ವಿಸರ್ಜನೆಯಾಯಿತು. ಪಕ್ಷವು ಒಡೆದಾಗ ಅವರು ಸಂಯುಕ್ತ ಜನತಾದಳವನ್ನು ಸೇರಿ, ಭಾರತೀಯ ಜನತಾ ಪಕ್ಷದೊಂದಿಗೆ ಮೈತ್ರಿ ಮಾಡಿಕೊಂಡರು. ಸಮಾಜವಾದಿ ಹಿನ್ನೆಲೆಯ ನಾಯಕರೊಬ್ಬರ ಈ ನಿರ್ಧಾರವು ಟೀಕೆಗೆ ಒಳಗಾಯಿತು. ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಗಳಿಸಿತು. ಸ್ವಕ್ಷೇತ್ರವಾದ ಚನ್ನಗಿರಿಯಲ್ಲಿ ಪಟೇಲರೂ ಪರಾಭವಗೊಂಡರು. ಅಕ್ಟೋಬರ್ 1999ರಲ್ಲಿ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾದರು.

ಪಟೇಲರು 12 ಡಿಸೆಂಬರ್ 2000ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಆಗ ಅವರಿಗೆ 70 ವರ್ಷ ವಯಸ್ಸಾಗಿತ್ತು. ಹಾಸ್ಯಪ್ರಜ್ಞೆಯ, ನೇರ ಮಾತಿನ ವಾಗ್ಮಿಯೆಂದು ಅವರು ಸ್ಮರಣೀಯರು. ಲೋಕಸಭೆಯಲ್ಲಿ ಕನ್ನಡದ ದನಿ ಮತ್ತು ಏಳು ಜಿಲ್ಲೆಗಳ ರಚನೆ ಅವರ ಸಾರ್ವಜನಿಕ ಜೀವನದ ಎರಡು ಮುಖ್ಯ ಗುರುತುಗಳಾಗಿ ಉಳಿದಿವೆ.