ಎಂಟಿಆರ್ ಪುಡಿ ಹುಟ್ಟಿದ ಕತೆ

ನಮ್ಮ ದೀಪಾಂಜಲಿ ನಗರದ ಅಂಗಡೀಲಿ ಎಂಟಿಆರ್ ಪ್ಯಾಕೆಟ್ ತಗೋತೀವಲ್ಲ, ಅದು ಶುರುವಾಗಿದ್ದು ಹೋಟ್ಲಿನ ಕೆಲಸಗಾರರನ್ನ ಕೈಬಿಡಬಾರದು ಅಂತ.

1924ರಲ್ಲಿ ಯಜ್ಞನಾರಾಯಣ ಮಯ್ಯರು ಅಣ್ಣತಮ್ಮಂದಿರ ಜೊತೆ ಲಾಲ್‌ಬಾಗ್ ಹತ್ರ ತೆಗೆದ ಹೋಟ್ಲು ಇದು. 1975ರ ತುರ್ತು ಪರಿಸ್ಥಿತೀಲಿ ಸರ್ಕಾರ ತಿಂಡಿಗೆ ತೀರಾ ಕಮ್ಮಿ ರೇಟು ಕಟ್ಟಿತು. ತುಪ್ಪ ಕಮ್ಮಿ ಹಾಕಿ ದಿನ ದೂಡಬಹುದಿತ್ತು. ದೂಡಲಿಲ್ಲ, ಬಾಗಿಲು ಹಾಕಿದ್ರು. ಹಾಗಾದ್ರೆ ಅಡುಗೆಯವರು, ಬಡಿಸೋರು ಎಲ್ಲಿಗೆ ಹೋಗ್ಬೇಕು? ಅವರಿಗೆ ಮಸಾಲೆ ಪುಡಿ, ಚಟ್ನಿಪುಡಿ ಮಾಡಿ ಪ್ಯಾಕ್ ಮಾಡೋ ಕೆಲಸ ಕೊಟ್ಟು ಉಳಿಸಿಕೊಂಡ್ರು. ಪಳಗಿದ ಕೈ ಒಂದ್ಸಲ ಹೋದ್ರೆ ಮತ್ತೆ ಸಿಗುತ್ತಾ? ಮದುವೆಗೆ ಅಡುಗೆಯವರನ್ನ ಹುಡುಕಿ ಸುಸ್ತಾದೋರನ್ನ ಕೇಳಿ!

ಮುಂದೆ ಹೋಟ್ಲೂ ತೆರೀತು. 2007ರಲ್ಲಿ ಪ್ಯಾಕೆಟ್ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯ್ತು. ಹೋಟ್ಲು ಮಾತ್ರ ಮಯ್ಯರ ಮನೆತನದಲ್ಲೇ ಇದೆ.